ರಾಯರ ಕಾರು ಹೊರಡುವ ಬಗೆ

ಮೈಸೂರಿನ ಶೇಷಗಿರಿರಾಯರಿಗೆ ತಮ್ಮ ಹಳೆಯ ಕಾರಿನ ಮೇಲೆ ಬಲು ಹೆಮ್ಮೆ. ಅವರು ಪೂಜೆ ಮುಗಿಸಿ ಗೇಟಿಗೆ ಬರುವ ಹೊತ್ತಿಗೆ ಅದು ದಿನವೂ ಗುರುಗುಟ್ಟುತ್ತ ನಿಂತಿರುತ್ತಿತ್ತು. ಅದನ್ನು ಕೊಳ್ಳಲು ನಿವೃತ್ತ ನರ್ಸ್ ಫಿಲೋಮಿನಾ ಬಂದರು.

"ಯಜಮಾನರನ್ನ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ಬೇಕು ಸಾರ್. ಕೈ ಕೊಡಲ್ಲ ತಾನೆ?"

"ಈಗಿನ ತಗಡಿನ ಡಬ್ಬಿ ಅಲ್ಲಮ್ಮ ಇದು. ಒಂದು ದಿನವೂ ಕೈ ಕೊಟ್ಟಿಲ್ಲ. ನಮ್ಮ ಡ್ರೈವರನ್ನೇ ಕೇಳಿ."

ಡ್ರೈವರ್ ತಲೆ ಕೆರೆದುಕೊಂಡ. "ಸಾರ್, ಅದು ಏನಂದ್ರೆ..."

ರಾಯರು ಅವನನ್ನು ಪಕ್ಕಕ್ಕೆ ಎಳೆದರು. "ನಿನ್ನ ದಿನದ ರಗಳೆ ಇಲ್ಲಿ ತೆಗೆದ್ಯೋ, ನಾಳೆಯಿಂದ ಕೆಲಸಕ್ಕೆ ಬರಬೇಡ. ದಿನಾ ಹೇಗೆ ಸ್ಟಾರ್ಟ್ ಮಾಡ್ತೀಯೋ ಹಾಗೇ ಮಾಡಿ ತೋರಿಸು, ಸಾಕು."

"ಹಾಗೇ ಆಗ್ಲಿ ಸಾರ್" ಎಂದ ಡ್ರೈವರ್, ಕಾರಿನಲ್ಲಿ ಕೂತು ಹಾರ್ನ್ ಹೊಡೆದ.

ಎದುರು ಅಂಗಡಿಯ ದರ್ಜಿ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಎದ್ದು ಬಂದ. ಹೂವಿನ ನಂಜಮ್ಮ ಸೆರಗು ಸಿಕ್ಕಿಸಿದಳು. ಇಡ್ಲಿ ಹೋಟೆಲಿನ ಭಟ್ಟರು ಕೈ ಒರೆಸಿಕೊಳ್ಳುತ್ತ ಬಂದರು. ಯಾರೂ ಏನೂ ಕೇಳಲಿಲ್ಲ. ಕಾರಿನ ಹಿಂದೆ ತಂತಮ್ಮ ಜಾಗ ಹಿಡಿದು ನಿಂತರು.

"ಇವತ್ತು ಭಾನುವಾರ, ರಾಯರಿಗೆ ರಜಾ ಇಲ್ವಾ?" ಎಂದು ನಂಜಮ್ಮ ಗೊಣಗಿದಳು. ಎಲ್ಲರೂ ತಳ್ಳಿದರು. ಕಾರು ಬೀದಿಯ ಕೊನೆ ಮುಟ್ಟಿ, ಕೆಮ್ಮಿ, ಅಂತೂ ಸ್ಟಾರ್ಟ್ ಆಯಿತು.

ರಾಯರ ಮುಖದ ಬಣ್ಣವೇ ಇಳಿಯಿತು. ಇಷ್ಟು ವರ್ಷ ತಮ್ಮನ್ನು ಕಚೇರಿಗೆ ಹೊರಡಿಸಿದ್ದು ಇಡೀ ಬೀದಿ ಎಂಬುದು ಅವರಿಗೆ ತಿಳಿದದ್ದೇ ಆಗ.

ಫಿಲೋಮಿನಾ ನಗದೆ ಕೇಳಿದರು: "ಸಾರ್, ನೀವು ಹೇಳಿದ ಬೆಲೆಯಲ್ಲಿ ಇವರೆಲ್ಲ ಸೇರಿದ್ದಾರಾ?"