ಹಾಡದೆ ಬಿಟ್ಟ ಮೊದಲ ಚರಣ

“ಗುರುಗಳೇ, ಹೊರಗಿನಿಂದ ಬಂದು ಸೇರಿಕೊಂಡವರು ಕುಲದ ಚರಿತ್ರೆಯಲ್ಲಿ ಇರಬಹುದೇ?” ಎಂದು ಶಿಷ್ಯ ಕೇಳಿದ.

ಗುರುಗಳು ಕುರ್ದರ ಬೆಟ್ಟಸೀಮೆಯವರು. ಶಿಷ್ಯನೂ ಅಲ್ಲಿಯವನೇ, ಕುರಿ ಮೇಕೆ ಮೇಯಿಸುವ ಕುಲದವನು. ನಾಲ್ಕಕ್ಷರ ಕಲಿತವನೆಂದು ಕುಲದ ಹಿರಿಯರು ಚರಿತ್ರೆ ಬರೆಯುವ ಕೆಲಸವನ್ನು ಅವನಿಗೆ ಒಪ್ಪಿಸಿದ್ದರು. ಅವನು ಎಲ್ಲರ ಹೆಸರನ್ನೂ ಬರೆದಿದ್ದ. ಯುದ್ಧಕ್ಕೆ ಹೆದರಿ ಓಡಿಬಂದು ಇಪ್ಪತ್ತು ವರ್ಷಗಳಿಂದ ಅವರ ನಡುವೆಯೇ ಇದ್ದ ಮೂರು ಮನೆಗಳವರನ್ನೂ ಬರೆದಿದ್ದ. ಹಿರಿಯರು ಓದಿಸಿ ಕೇಳಿದರು. ಬಂದವರ ಹೆಸರಿನ ಮೇಲೆ ಗೆರೆ ಎಳೆ ಎಂದರು. ಪುಸ್ತಕದಲ್ಲಿ ಹೆಸರಿಲ್ಲದವರಿಗೆ ಮುಂದಿನ ಬೇಸಿಗೆಯಿಂದ ಹುಲ್ಲುಗಾವಲಿಲ್ಲ ಎಂದೂ ತೀರ್ಮಾನವಾಗಿತ್ತು.

ಗುರುಗಳು ಒಂದು ಕತೆ ಹೇಳಿದರು.

ಒಂದು ಕುಲಕ್ಕೆ ಒಬ್ಬ ಹಾಡುಗಾರನಿದ್ದ. ಆ ಕಾಲದಲ್ಲಿ ಪುಸ್ತಕವಿರಲಿಲ್ಲ. ಚರಿತ್ರೆ ಎಂದರೆ ಅವನ ಗಂಟಲು. ಕಿವಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದನೆಂದರೆ, ಸತ್ತವರೆಲ್ಲ ಮಂಜಿನಲ್ಲಿ ಮೇಕೆಗಳು ಬರುವ ಹಾಗೆ ಒಬ್ಬರ ಹಿಂದೆ ಒಬ್ಬರು ನಡೆದು ಬರುತ್ತಿದ್ದರು. ಅವನಿಗೆ ಅವರ ಹೆಜ್ಜೆ ಸಪ್ಪಳವೂ ಕೇಳುತ್ತಿತ್ತು. ಬದುಕಿದ್ದವರ ಹೆಸರು ಮಾತ್ರ ಆಗಾಗ ಮರೆತುಹೋಗುತ್ತಿತ್ತು. ಅದಕ್ಕೆ ಹೆಂಡತಿಯಿಂದ ಬೈಸಿಕೊಳ್ಳುತ್ತಿದ್ದ.

ಬಿಸಿಲೇರುವ ಕಾಲಕ್ಕೆ ಕುಲದವರು ಮೇಕೆಗೂದಲಿನ ಕರಿ ಗುಡಾರಗಳನ್ನು ಕತ್ತೆಗಳ ಮೇಲೆ ಹೇರಿಕೊಂಡು ಮೇಲಿನ ಹುಲ್ಲುಗಾವಲಿಗೆ ಏರುತ್ತಿದ್ದರು. ಕಣಿವೆಯ ಬಾಯಲ್ಲಿ ಒಂದು ಕಟ್ಟಳೆ ಇತ್ತು. ಪ್ರತಿ ಮನೆಯವರೂ ಅಲ್ಲಿ ನಿಂತು ಏಳು ತಲೆಮಾರಿನ ತಾತಂದಿರ ಹೆಸರು ಹೇಳಬೇಕು. ಹಾಡುಗಾರ ತಲೆಯಾಡಿಸಬೇಕು. ಆಮೇಲೆಯೇ ಗುಡಾರದ ಗೂಟ ನೆಲಕ್ಕಿಳಿಯಬೇಕು. ಅವನು ತಲೆಯಾಡಿಸದ ಪ್ರಸಂಗ ಎಂದೂ ಬಂದಿರಲಿಲ್ಲ. ಎಲ್ಲರೂ ಎಲ್ಲರಿಗೂ ಗೊತ್ತಿದ್ದವರೇ.

ಆ ವರ್ಷ ಹಿಮ ಕಡಿಮೆ ಬಿದ್ದಿತ್ತು. ಹುಲ್ಲು ಬೆರಳುದ್ದವೂ ಬೆಳೆದಿರಲಿಲ್ಲ. ಸಾಲಿನ ಕೊನೆಯಲ್ಲಿ ಗುರುತಿಲ್ಲದ ಒಬ್ಬ ಹೆಂಗಸು ನಿಂತಿದ್ದಳು. ಜೊತೆಗೆ ಇಬ್ಬರು ಹೆಣ್ಣುಮಕ್ಕಳು, ಮೂವತ್ತು ಮೇಕೆ. ಕೆಳಗಿನ ಬಯಲನ್ನು ಯಾರೋ ಸುಟ್ಟಿದ್ದರು. ಅವಳ ಗಂಡ ಅಲ್ಲಿಯೇ ಮಣ್ಣಾಗಿದ್ದ. ಹಿಂದಕ್ಕೆ ಹೋದರೆ ಮೇಕೆಗಳಿಗೆ ಮೇವಿಲ್ಲ; ಮೇಕೆಗಳು ಹೋದರೆ ಮಕ್ಕಳಿಗೆ ಗತಿಯಿಲ್ಲ.

“ಹೆಸರು ಹೇಳಮ್ಮ,” ಎಂದ ಕುಲದ ಯಜಮಾನ.

ಗಂಡನ ಮನೆಯ ಹಿರಿಯರ ಹೆಸರನ್ನು ಸೊಸೆ ಬಾಯಿಬಿಟ್ಟು ಹೇಳಬಾರದು ಎಂದು ಅವಳನ್ನು ಬೆಳೆಸಿದ್ದರು. ಅವಳು ಸ್ವಲ್ಪ ಯೋಚಿಸಿ, ತನಗೆ ಹೇಳಲು ಬರುವುದನ್ನು ಹೇಳಿದಳು. ತಾಯಿಯ ಹೆಸರು. ತಾಯಿಯ ತಾಯಿಯ ಹೆಸರು. ಅವಳ ತಾಯಿಯ ಹೆಸರು. ಹೀಗೆ ಏಳು.

ಗಂಡಸರು ನಕ್ಕರು. “ನಿಮ್ಮ ಕಡೆ ಗಂಡಸರು ಹುಟ್ಟುವುದೇ ಇಲ್ಲವೇನಮ್ಮ?” ಎಂದ ಯಜಮಾನ.

“ಹುಟ್ಟದೆ ಏನು, ಯಜಮಾನರೇ? ಈ ಏಳು ಜನ ಹೆತ್ತದ್ದರಲ್ಲಿ ಅರ್ಧ ಅವರೇ.”

ಈ ಸಲ ಹೆಂಗಸರು ನಕ್ಕರು. ಯಜಮಾನನಿಗೆ ಅದು ಹಿಡಿಸಲಿಲ್ಲ. ಅವನು ಹಾಡುಗಾರನ ಕಡೆ ತಿರುಗಿದ. “ಅಜ್ಜ, ಇವಳ ಕಡೆಯವರು ಯಾರಾದರೂ ಹಾಡಿನಲ್ಲಿ ಇದ್ದಾರೆಯೇ ನೋಡು. ಇದ್ದರೆ ಇರಲಿ. ಇಲ್ಲದಿದ್ದರೆ ಇಳಿಯಲಿ.”

ಹಾಡುಗಾರ ಕಿವಿಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದ. ಸತ್ತವರು ಎಂದಿನಂತೆ ಬಂದರು, ಈಚಿನವರು ಮೊದಲು, ಹಳಬರು ಆಮೇಲೆ. ಯಾರೂ ಆ ಹೆಂಗಸಿನ ಕಡೆಯವರಲ್ಲ. ಕೊನೆಗೆ ಕುಲದ ಮೂಲಪುರುಷ ಬಂದ. ಸಾಲು ಅಲ್ಲಿಗೆ ಮುಗಿಯಬೇಕು. ಆದರೆ ಆ ದಿನ ಅವನ ಬೆನ್ನ ಹಿಂದಿನ ಮಂಜು ಕರಗಿತು. ಅಲ್ಲೊಂದು ಕರಿ ಗುಡಾರ. ಅದರ ಹಗ್ಗದ ಮೇಲೆ ಕೈಯಿಟ್ಟು ಯಾರೋ ಹೆಂಗಸು ನಿಂತಿದ್ದಳು. ಮುಖ ಕಾಣಲಿಲ್ಲ.

ಅದು ಹಾಡಿನ ಮೊದಲ ಚರಣ. ಅದನ್ನು ಕಲಿಸುವಾಗ ಅವನ ಗುರು, “ಬಾಯಿಪಾಠ ಮಾಡು, ಹಾಡಬೇಡ. ಹಾಡಿದ ದಿನ ನಿನ್ನ ರೊಟ್ಟಿ ಹೋಯಿತೆಂದು ತಿಳಿ,” ಎಂದಿದ್ದ. ಕುಲದವರು ಯಾವಾಗಲೂ ಕೇಳುತ್ತಿದ್ದದ್ದು ಎರಡನೆಯ ಚರಣದಿಂದ. ಅವರು ಅದನ್ನೇ ಮೊದಲನೆಯದೆಂದು ತಿಳಿದಿದ್ದರು.

‘ಇಲ್ಲ’ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಹಾಡುಗಾರ ಹಾಗೆ ಹೇಳಬೇಕೆಂದೇ ಬಾಯಿ ತೆರೆದ. ಹೊರಬಂದದ್ದು ಮೊದಲ ಚರಣ.

ಮೂಲಪುರುಷ ಒಬ್ಬಂಟಿಯಾಗಿ ಈ ಕಣಿವೆಗೆ ಬಂದ ಕತೆ ಅದು. ಕಾಲಲ್ಲಿ ಕೆರವಿರಲಿಲ್ಲ. ಯಾರನ್ನು ಕೊಂದು ಬಂದನೋ, ಯಾರಿಂದ ತಪ್ಪಿಸಿಕೊಂಡು ಬಂದನೋ, ಹಾಡು ಹೇಳುವುದಿಲ್ಲ. ಇಲ್ಲಿ ಮೇಕೆ ಮೇಯಿಸುತ್ತಿದ್ದ ಹೆಂಗಸು ಅವನ ತಾತಂದಿರ ಹೆಸರು ಕೇಳಿದಳು. ಅವನು ತಲೆ ತಗ್ಗಿಸಿದ. ಒಂದು ಹೆಸರೂ ಹೇಳಲಿಲ್ಲ. ಅವಳು ಎರಡನೆಯ ಸಲ ಕೇಳಲಿಲ್ಲ. ತನ್ನ ಗುಡಾರದ ಹಗ್ಗ ಬಿಚ್ಚಿ, ಗೂಟವನ್ನು ಒಂದು ಮಾರು ಆಚೆಗೆ ಹೂಡಿ, ಅವನು ಮಲಗಲು ಜಾಗ ಮಾಡಿದಳು.

ಹಾಡು ನಿಂತಿತು.

“ಆ ಹೆಂಗಸಿನ ಹೆಸರೇನು?” ಎಂದ ಯಜಮಾನ.

“ಹಾಡಿನಲ್ಲಿಲ್ಲ, ಯಜಮಾನರೇ. ನಮ್ಮ ಆ ಮೊದಲ ತಾತ ಕೇಳಿಟ್ಟುಕೊಂಡಂತೆ ಕಾಣುವುದಿಲ್ಲ.”

“ನಿನಗೆ ವಯಸ್ಸಾಯಿತು ಅಜ್ಜ. ನಾಳೆಯಿಂದ ಬೇರೆ ಯಾರಾದರೂ ಹಾಡಲಿ.”

ಹಾಗೆಯೇ ಆಯಿತು. ಹಾಡುಗಾರ ಆಮೇಲೆ ಬದುಕಿದ್ದಷ್ಟು ದಿನ ಯಾರ ಎದುರಿಗೂ ಹಾಡಲಿಲ್ಲ. ಆದರೆ ಕೇಳಿದ್ದನ್ನು ಕೇಳಲಿಲ್ಲ ಎನ್ನಲು ಯಾರಿಂದಲೂ ಆಗಲಿಲ್ಲ. ಆ ಹೆಂಗಸು ಮೇಕೆಗಳನ್ನು ಹೊಡೆದುಕೊಂಡು ಅವರ ನಡುವೆಯೇ ಮೇಲೇರಿದಳು. ತಡೆಯಬೇಕೆಂದು ಕೈಯೆತ್ತಿದವರು ಆ ಕೈಯಿಂದ ಗಡ್ಡ ಕೆರೆದುಕೊಂಡರು. ಹುಲ್ಲೇನೋ ಸಾಲಲಿಲ್ಲ. ಎಲ್ಲರೂ ಗೊಣಗುತ್ತಾ ಹತ್ತು ದಿನ ಮುಂಚೆಯೇ ಬೆಟ್ಟ ಇಳಿದರು. ಅವಳೂ ಅವರೊಡನೆ ಗೊಣಗುತ್ತಾ ಇಳಿದಳು.

ಗುರುಗಳು ಕತೆ ನಿಲ್ಲಿಸಿದರು.

ಶಿಷ್ಯ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದ. “ಕತೆಯೇನೋ ಸರಿ, ಗುರುಗಳೇ,” ಎಂದ. “ಆದರೆ ಆ ಹಾಡುಗಾರನಂತೆ ಎದುರು ನಿಲ್ಲುವ ಧೈರ್ಯ ನನಗಿಲ್ಲ. ಬಂದವರ ಹೆಸರಿನ ಮೇಲೆ ಗೆರೆ ಎಳೆ ಎಂದು ಹಿರಿಯರ ಅಪ್ಪಣೆಯಾಗಿದೆ. ನಾನೇನು ಮಾಡಲಿ?”

ಗುರುಗಳು ಮಸಿಕುಡಿಕೆಯನ್ನು ಅವನ ಮುಂದಕ್ಕೆ ಸರಿಸಿದರು.

“ಹಿರಿಯರು ಹೇಳಿದಂತೆಯೇ ಮಾಡಪ್ಪ, ಮೊದಲ ಪುಟದಿಂದ ಹಿಡಿದು ಬಂದವರೆಲ್ಲರ ಹೆಸರಿನ ಮೇಲೂ ಗೆರೆ ಎಳೆ, ಆಮೇಲೆ ಉಳಿದವರ ಹೆಸರು ಓದು, ಕೇಳುತ್ತೇನೆ.”