ಉಪ್ಪಿನಕಾಯಿ ಕೋಣೆಯ ಮೂರನೇ ಬಾಗಿಲು

ಹೊನ್ನಕೆರೆ ರಾಜ ವೀರಮದನ ಹೊಸ ಅರಮನೆ ಕಟ್ಟಿಸಿದ. ಗೃಹಪ್ರವೇಶಕ್ಕೆ ರಾಜಪಂಡಿತ ಗುಂಡಾವಧಾನಿಗಳು ಎಲ್ಲಿಂದಲೋ ಒಂದು ಶಾಸ್ತ್ರ ಹುಡುಕಿ ತಂದ್ರು. ರಾಜ ಹೊರಗಿಂದ ಹೊರಟು, ಅರಮನೆಯ ಪ್ರತಿ ಬಾಗಿಲನ್ನೂ ಒಂದೇ ಒಂದು ಸಲ ದಾಟಿ, ಮತ್ತೆ ಹೊರಗೇ ಬರಬೇಕು. ದಾಟಿದ ಬಾಗಿಲು ಮುಚ್ಚಿ ಅರಿಶಿನದ ದಾರ ಕಟ್ಟೋದು. ಮಾರನೇ ದಿನದ ಒಳಗೆ ದಾರ ಬಿಚ್ಚಿದ್ರೆ ವಂಶಕ್ಕೇ ಕೇಡು.

ದಾರಿ ಯಾವುದು ಅಂತ ರಾಜ ಕೇಳಿದ್ದಕ್ಕೆ ಅವಧಾನಿಗಳು, "ಮುಂದೆ ನಾನಿರ್ತೀನಲ್ಲ, ಪ್ರಭು" ಅಂದ್ರು. ಅವರಿಗೆ ನಲವತ್ತರವರೆಗೂ ಮಗ್ಗಿ ಹಿಂದುಮುಂದಾಗಿ ಬರ್ತಿತ್ತು. ಅದು ಬಂದ್ಮೇಲೆ ಬೇರೆ ಏನೂ ಬರಬೇಕಾಗಿಲ್ಲ ಅಂತ ಅವರ ನಂಬಿಕೆ.

ಅದೇ ಆಸ್ಥಾನದಲ್ಲಿ ಕೋನಯ್ಯ ಅಂತ ಒಬ್ಬ ಇದ್ದ. ಅರಮನೆ ಆಳುಗಳ ಮಕ್ಕಳಿಗೆ ಪಾಠ ಹೇಳ್ತಿದ್ದ. ಪಾಠ ಅಂದ್ರೆ ಏನು, ನೆಲದ ಮೇಲೆ ಸುಣ್ಣದಲ್ಲಿ ಕೋಣೆಗಳನ್ನ ಬರೆದು, ಬಾಗಿಲಿಗೊಂದು ಹುಣಸೆ ಬೀಜ ಇಟ್ಟು, ಮಕ್ಕಳನ್ನ ಓಡಾಡಿಸೋದು. ದಾಟಿದ ಬಾಗಿಲಿನ ಬೀಜ ಎತ್ಕೋಬೇಕು, ಬೀಜ ಇಲ್ಲದ ಬಾಗಿಲು ದಾಟೋ ಹಾಗಿಲ್ಲ. ಆ ವಾರ ಅವನೂ ಮಕ್ಕಳೂ ಬರೆದಿದ್ದು ಹೊಸ ಅರಮನೇನೇ.

ಕೋನಯ್ಯ ರಾಜನ ಹತ್ರ ಬಂದು ಹೇಳಿದ. "ಇದು ಆಗಲ್ಲ, ಪ್ರಭು. ಹೇಗೆ ಹೋದ್ರೂ ಕೊನೆಗೆ ಉಪ್ಪಿನಕಾಯಿ ಕೋಣೇಲಿ ಸಿಕ್ಕಿಹಾಕ್ಕೋತೀರ. ಮಿಕ್ಕ ಕೋಣೆಗಳಿಗೆಲ್ಲ ಎರಡೋ ನಾಲ್ಕೋ ಬಾಗಿಲು. ಅದೊಂದಕ್ಕೆ ಮೂರು. ಒಂದರಲ್ಲಿ ಒಳಗೆ, ಒಂದರಲ್ಲಿ ಹೊರಗೆ, ಮೂರನೇದರಲ್ಲಿ ಮತ್ತೆ ಒಳಗೆ. ಆಮೇಲೆ?"

ಸಭೆ ಘೊಳ್ಳಂತ ನಕ್ಕಿತು. ಅವಧಾನಿಗಳು ಕಾಯ್ತಾ ಇದ್ದಿದ್ದೂ ಇದಕ್ಕೇ. "ಇದು ಗಣಿತವೋ ಕುಂಟೆಬಿಲ್ಲೆಯೋ? ಆ ಶಾಲೆ ಮುಚ್ಚಿಸಿ, ಮಕ್ಕಳು ಸಗಣಿ ಬಾಚಲಿ" ಅಂದ್ರು. ರಾಜನೂ ತಲೆ ಆಡಿಸಿದ. ತಾನು ಹೊರಗೆ ಬಂದ ತಕ್ಷಣ ಶಾಲೆಗೆ ಬೀಗ, ಬರದಿದ್ರೆ ಶಾಲೆ ಉಳೀತು ಅಂದ. ಕೋನಯ್ಯ ಕೈಮುಗಿದು, ನೇರ ಗಾರೆ ಕೆಲಸದವರ ಕೇರಿಗೆ ಹೋದ.

ಗೃಹಪ್ರವೇಶದ ದಿನ ಅವಧಾನಿಗಳು ಮಹಾ ಬುದ್ಧಿವಂತಿಕೆ ಮಾಡಿದ್ರು. ಮೊದಲೇ ಉಪ್ಪಿನಕಾಯಿ ಕೋಣೆಗೆ ನುಗ್ಗಿ, ಇನ್ನೊಂದು ಬಾಗಿಲಲ್ಲಿ ಹೊರಬಿದ್ದು, "ನೋಡಿ, ಆ ಪೀಡೆ ಮುಗೀತು" ಅಂದ್ರು. ಓಲಗ ಊದ್ತಾ ಹೋಯ್ತು, ದಾರ ಕಟ್ತಾ ಹೋದ್ರು. ಕೊನೆಗೆ ಇಡೀ ಅರಮನೇಲಿ ಉಳಿದಿದ್ದು ಒಂದೇ ಬಾಗಿಲು. ಬಿಡೋ ಹಾಗಿಲ್ಲ, ಶಾಸ್ತ್ರ ಅವರದ್ದೇ. ರಾಜನೂ ಅವರೂ ದಾಟಿದ್ರು. ಹಿಂದೆ ಆಳು ದಾರ ಕಟ್ಟಿದ.

ಸುತ್ತ ಜಾಡಿಗಳು. ಮಾವಿನಕಾಯಿ, ಹೇರಳೆಕಾಯಿ, ಕಣ್ಣುರಿಯೋ ಖಾರ. ಚಪ್ಪರದಿಂದ ಹೋಳಿಗೆ ವಾಸನೆ ಬರ್ತಾ ಇದೆ, ರಾಜ ಒಳಗೆ ಸೀನ್ತಾ ಇದ್ದಾನೆ. ಅಷ್ಟು ಹೊತ್ತಿಗೆ ಹೊರಗೋಡೆಯ ಪುಟ್ಟ ಗಾಳಿಕಿಂಡೀಲಿ ಕೋನಯ್ಯನ ಮುಖ ಕಾಣಿಸ್ತು.

ರಾಜ ಸಣ್ಣ ದನಿಯಲ್ಲಿ, "ನಿನ್ನ ಮಕ್ಕಳು ಇಂಥಾ ಹೊತ್ತಲ್ಲಿ ಏನು ಮಾಡ್ತಾರಯ್ಯ?" ಅಂದ.

"ಇನ್ನೊಂದು ಬೀಜ ಇಡ್ತಾರೆ, ಪ್ರಭು. ಇಲ್ಲಿಂದ ಹೊರಕ್ಕೆ ನಾಲ್ಕನೇ ಬಾಗಿಲು. ದಾರ ಬಿಚ್ಚೋದೂ ಬೇಡ, ವಂಶಕ್ಕೆ ಕೇಡೂ ಇಲ್ಲ. ಆದ್ರೆ ನೀವು ಹೊರಗೆ ಬಂದ್ರೆ ನಮ್ಮ ಶಾಲೆಗೆ ಬೀಗ ಅಂದಿದ್ರಲ್ಲ, ಅದಕ್ಕೇ ಗಾರೆಯವರು ಸುಮ್ಮನೆ ನಿಂತಿದ್ದಾರೆ."

"ಬೀಗ ನಿನ್ನ ಶಾಲೆಗಲ್ಲ, ಅವಧಾನಿಗಳ ಬಾಯಿಗೆ. ಒಡೆಸು ಮಾರಾಯ."

ಹಾರೆ ಬಿತ್ತು. ರಾಜ ಮಂಡಿಯೂರಿ ತೆವಳಿ, ಕಿರೀಟದ ತುಂಬ ಸುಣ್ಣ ಮಾಡ್ಕೊಂಡು ಹೊರಗೆ ಬಂದು, ತನ್ನನ್ನೇ ನೋಡ್ಕೊಂಡು ಜೋರಾಗಿ ನಕ್ಕ. ಶಾಲೆಗೆ ಹುಣಸೆ ತೋಪನ್ನೇ ಬರೆದುಕೊಟ್ಟ.

ಹಿಂದೆಯೇ ಬಂದ ಅವಧಾನಿಗಳು ಆ ತೂತಲ್ಲಿ ಹೊಟ್ಟೆ ಹತ್ರ ಸಿಕ್ಕಿಹಾಕ್ಕೊಂಡ್ರು. ಅರ್ಧ ಚಪ್ಪರದ ಕಡೆ, ಅರ್ಧ ಉಪ್ಪಿನಕಾಯಿ ಕಡೆ.

"ಕೋನಯ್ಯ, ಏನಾದ್ರೂ ಮಾಡಯ್ಯ" ಅಂತ ಗೋಗರೆದ್ರು.

ಕೋನಯ್ಯ ಎಲೆ ಮುಂದೆ ಕೂತು ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ ಅಂದ, "ಮಗ್ಗಿ ಹೇಳ್ತಾ ಇರಿ, ಅವಧಾನಿಗಳೇ. ಗೋಡೆಗೆ ಬಾಯಿಪಾಠ ಆದ್ರೆ ಅದೇ ದಾರಿ ಬಿಡುತ್ತೆ."