ತುಂಗಮ್ಮನ ಎರಡನೇ ಡಿಗ್ರಿ

ನಮ್ಮ ಕಚೇರಿಯ ಕ್ಲರ್ಕ್ ತುಂಗಮ್ಮನಿಗೆ ಐವತ್ತೆರಡು. ಬಿ.ಎ. ಆಗಿ ಮೂವತ್ತು ವರ್ಷವಾಗಿದೆ. ಹತ್ತು ಕಡೆ ಶುಲ್ಕ ವಿಚಾರಿಸಿ, ಕೈಗೆಟಕುವ ಆನ್‌ಲೈನ್ ಬಿ.ಕಾಂ. ಒಂದನ್ನು ಆರಿಸಿಕೊಂಡಳು. ಸಾಹೇಬರ ಒಪ್ಪಿಗೆ ಪತ್ರವೊಂದೇ ಬಾಕಿ.

ಸಾಹೇಬರು ನಕ್ಕರು. “ಈ ವಯಸ್ಸಲ್ಲಿ ಇನ್ನೊಂದು ಡಿಗ್ರಿ ಯಾಕ್ರೀ? ಅದೂ ಇಂಥ ಅಗ್ಗದ್ದು. ಅನುಮತಿ ಇಲ್ಲ ಅಂತ ಪತ್ರ ಬರ್ಕೊಂಡು ಬನ್ನಿ, ಸಹಿ ಹಾಕ್ತೀನಿ.”

ತನ್ನ ಅರ್ಜಿಯನ್ನು ತಾನೇ ತಿರಸ್ಕರಿಸಿ ಬರೆಯಬೇಕಂತೆ. ಆ ಮನುಷ್ಯ ಒಂದು ಪತ್ರವನ್ನಾದರೂ ಸ್ವಂತವಾಗಿ ಬರೆದವನಲ್ಲ.

ತುಂಗಮ್ಮ ಸಾಹೇಬರ ಹೆಸರಲ್ಲೇ ಬರೆದು ತಂದಳು: “ನನ್ನ ಪತ್ರಗಳನ್ನೆಲ್ಲ ಇವರೇ ಬರೆಯುತ್ತಾರೆ. ಇವರು ಓದಲು ಕೂತರೆ ನಾನೇ ಬರೆಯಬೇಕಾಗುತ್ತದೆ. ಅದು ನನಗೆ ಬಾರದು. ಆದ್ದರಿಂದ ಅನುಮತಿ ಇಲ್ಲ. ಪ್ರತಿ: ಜಿಲ್ಲಾ ಕಚೇರಿಗೆ.”

ಸಾಹೇಬರ ಪೆನ್ನು ಅಲ್ಲೇ ನಿಂತಿತು. “ಇದನ್ನ ಹರಿದುಹಾಕಿ. ಒಪ್ಪಿಗೆ ಇದೆ ಅಂತ ಬರೀರಿ.”

“ಅದು ಕೆಳಗಿನ ಹಾಳೇಲಿ ಬರ್ದಿಟ್ಟಿದೀನಿ ಸಾರ್,” ಅಂದಳು ತುಂಗಮ್ಮ. “ಸಹಿಯೊಂದನ್ನ ನೀವೇ ಮಾಡ್ಬೇಕು.”